ಬ್ರಿಟಿಷ್ ಕೊಲಂಬಿಯಾದ ವಸಂತದ ಕರಡಿ ಶಿಕಾರಿ: ಗೈಡ್ ಪ್ಯಾಕೇಜ್ ಕೊಳ್ಳುವ ಮುನ್ನ

ಶೇಕಡಾ ನೂರು ಯಶಸ್ಸು ಎಂದು ದೊಡ್ಡಕ್ಷರದಲ್ಲಿ ಬರೆದುಕೊಂಡ ಔಟ್‌ಫಿಟರ್‌ಗಳಿಗೆ, ಅಂದರೆ ಶಿಕಾರಿ ಪ್ರವಾಸ ನಡೆಸುವವರಿಗೆ, ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಬರವಿಲ್ಲ. ಬಹಳಷ್ಟು ಸಲ ಅದು ನಿಜವೇ, ಆದರೆ ಆ ಸಂಖ್ಯೆಯಿಂದ ಏನೂ ತಿಳಿಯುವುದಿಲ್ಲ. ಈ ಪ್ರಾಂತ್ಯದಲ್ಲಿ 1,20,000ದಿಂದ 1,60,000 ಕಪ್ಪು ಕರಡಿಗಳಿವೆ ಎಂಬ ಅಂದಾಜಿದೆ. ವ್ಯಾಂಕೂವರ್ ದ್ವೀಪದ ಉತ್ತರ ಭಾಗದಲ್ಲಿ, ಮೇ ತಿಂಗಳಲ್ಲಿ, ಮರ ಸಾಗಿಸುವ ಹಳೇ ರಸ್ತೆಗಳಲ್ಲಿ ಐದಾರು ದಿನ ಓಡಾಡಿದರೆ ಕರಡಿ ಕಾಣದೇ ಇರುವುದೇ ಕಷ್ಟ. ಕರಡಿ ತೋರಿಸುವುದಕ್ಕೆ ಯಾರಿಗೂ ಸಾವಿರಾರು ಡಾಲರ್ ಕೊಡಬೇಕಾಗಿಲ್ಲ. ಎದುರಿಗಿರುವ ಕರಡಿಗೆ ಯಾಕೆ ಈಡು ಹೊಡೆಯಬಾರದು ಎಂದು ಹೇಳಬಲ್ಲ ಕಣ್ಣಿಗೆ, ಹೊಡೆದ ಮೇಲಿನ ಆರೆಂಟು ಗಂಟೆಯಲ್ಲಿ ಚರ್ಮ ಮತ್ತು ಮಾಂಸ ಕೆಡದಂತೆ ನೋಡಿಕೊಳ್ಳುವ ಕೈಗೆ ದುಡ್ಡು ಕೊಡಬೇಕು. ಅಲ್ಲಿ ಸಿಗುವ ಆರು ದಿನಗಳ ಮಾಮೂಲಿ ಗೈಡ್ ಪ್ಯಾಕೇಜನ್ನು ಈ ವಿಮರ್ಶೆ ಅಳೆಯುವುದು ಆ ಎರಡರ ಮೇಲೆಯೇ.

ಗೈಡ್ ಬೇಡ, ನಾವೇ ಹೋಗುತ್ತೇವೆ ಎನ್ನುವ ಹಾಗಿಲ್ಲ. ಕೆನಡಾದ ಹೊರಗಿನಿಂದ ಬಂದವರು ಇಲ್ಲಿ ದೊಡ್ಡ ಪ್ರಾಣಿಯ ಶಿಕಾರಿ ಮಾಡಬೇಕಾದರೆ ಲೈಸೆನ್ಸ್ ಇರುವ ಗೈಡ್ ಜೊತೆಯಲ್ಲಿರುವುದು ಸಾಮಾನ್ಯ ನಿಯಮ. ಪರವಾನಗಿ ಪಡೆದ ಸ್ಥಳೀಯ ನಿವಾಸಿಯ ಜೊತೆ ಹೋಗುವ ಕೆಲವು ವಿನಾಯಿತಿಗಳಿವೆ, ಎಲ್ಲರಿಗೂ ಅನ್ವಯಿಸುವುದಿಲ್ಲ. ಪ್ರತಿ ಔಟ್‌ಫಿಟರ್‌ಗೂ ಸರ್ಕಾರ ಗುರುತಿಸಿದ ಪ್ರದೇಶವಿರುತ್ತದೆ, ಅದರಾಚೆ ಅವನು ಗೈಡ್ ಕೆಲಸ ಮಾಡುವಂತಿಲ್ಲ. ಆದ್ದರಿಂದ ಮೊದಲು ಕೇಳಬೇಕಾದದ್ದು ಬೆಲೆಯಲ್ಲ, ನಕ್ಷೆ. ಆ ಪ್ರದೇಶದಲ್ಲಿ ಕಳೆದ ಹತ್ತು ಹದಿನೈದು ವರ್ಷಗಳಲ್ಲಿ ಮರ ಕಡಿದ ಬಯಲುಗಳು ಎಷ್ಟಿವೆ? ಸಂಚಾರ ನಿಲ್ಲಿಸಿದ ರಸ್ತೆಗಳು ಎಷ್ಟು? ನದಿ ಕಡಲಿಗೆ ಸೇರುವಲ್ಲಿ ಹುಲ್ಲು ಬಯಲಿದೆಯೇ? ಆ ದಾರಿಗಳಲ್ಲಿ ಗೇಟ್ ಇದ್ದರೆ ಬೀಗದ ಕೈ ಯಾರ ಬಳಿ ಇದೆ? ನಕ್ಷೆ ಹರಡಿ ಇದನ್ನೆಲ್ಲ ತೋರಿಸುವವನ ಮಾತಿಗೆ ತೂಕವಿದೆ. ಸತ್ತ ಕರಡಿಗಳ ಫೋಟೋ ಮಾತ್ರ ಕಳಿಸುವವನನ್ನು ಬಿಟ್ಟುಬಿಡಿ.

ಪ್ಯಾಕೇಜ್ ಎಂದರೆ ಸಾಮಾನ್ಯವಾಗಿ ವಸತಿ, ಊಟ, ಗಾಡಿ ಅಥವಾ ದೋಣಿ, ಗೈಡ್, ಕಾಡಿನಲ್ಲಿ ಚರ್ಮ ಸುಲಿದು ಮಾಂಸ ಹೊರತರುವ ಕೆಲಸ. ಶಿಕಾರಿ ಲೈಸೆನ್ಸ್, ಕರಡಿಯ ಪ್ರತ್ಯೇಕ ಲೈಸೆನ್ಸ್, ಶೇ. 5ರ ಜಿಎಸ್‌ಟಿ, ಗೈಡ್‌ಗೆ ಕೊಡುವ ಟಿಪ್ಸ್, ಚರ್ಮ ಹದ ಮಾಡಿಸುವುದು, ಅದನ್ನು ಊರಿಗೆ ಸಾಗಿಸುವುದು ಇವೆಲ್ಲ ಬಹುತೇಕ ಮೇಲಿನ ಖರ್ಚು. ಎರಡನೇ ಕರಡಿ ಎಂಬುದು ಇನ್ನೊಂದು ಗುಟ್ಟಿನ ಬಾಬತ್ತು. ಪ್ರಾಂತ್ಯದ ಹಲವು ಭಾಗಗಳಲ್ಲಿ ಒಬ್ಬರಿಗೆ ಎರಡು ಕರಡಿಗಳ ಮಿತಿ ಇದೆ ನಿಜ, ಆದರೆ ಪ್ಯಾಕೇಜ್‌ನ ದರ ಒಂದಕ್ಕೆ ಮಾತ್ರ. ಎರಡನೆಯದಕ್ಕೆ ಎಷ್ಟು ಎಂಬುದು ಮುಂಗಡ ಕೊಡುವ ಮೊದಲೇ ಬರಹದಲ್ಲಿರಲಿ. ಗಾಯಗೊಂಡು ತಪ್ಪಿಸಿಕೊಂಡ ಕರಡಿಯ ವಿಷಯವೂ ಹಾಗೆಯೇ. ರಕ್ತ ಕಂಡರೆ ನಿಮ್ಮ ಲೆಕ್ಕಕ್ಕೆ ಒಂದು ಕರಡಿ ಬಿತ್ತು ಎಂಬ ಷರತ್ತು ಈ ಕಸುಬಿನಲ್ಲಿ ರೂಢಿ, ನ್ಯಾಯವೂ ಹೌದು. ಅದಿಲ್ಲದ ಒಪ್ಪಂದ ನೋಡಿದರೆ ಖುಷಿಪಡಬೇಡಿ. ಅಂಥ ಕಡೆ ಗಾಯದ ಕರಡಿಯನ್ನು ಹುಡುಕುವ ಶ್ರಮವನ್ನೂ ಯಾರೂ ತೆಗೆದುಕೊಳ್ಳುವುದಿಲ್ಲ.

ದ್ವೀಪವೋ, ಒಳನಾಡೋ? ಬಣ್ಣ ಬೇಕೆನ್ನುವವರು ಒಳನಾಡಿಗೆ ಹೋಗಬೇಕು. ಅಲ್ಲಿ ದಾಲ್ಚಿನ್ನಿ ಬಣ್ಣದ, ಕಂದು, ಅಪರೂಪಕ್ಕೆ ಹೊಂಬಣ್ಣದ ಕರಡಿಗಳೂ ಸಿಗುತ್ತವೆ, ಜಾತಿ ಮಾತ್ರ ಕಪ್ಪು ಕರಡಿಯದೇ. ಆದರೆ ಅಲ್ಲಿ ಗ್ರಿಜ್ಲಿ ಎಂಬ ಬೇರೆ ಜಾತಿಯ ದೊಡ್ಡ ಕರಡಿಯೂ ಇದೆ, ಅದರ ಶಿಕಾರಿಯನ್ನು ಪ್ರಾಂತ್ಯ 2017ರ ಡಿಸೆಂಬರ್‌ನಲ್ಲಿ ನಿಲ್ಲಿಸಿದೆ. ಕಂದು ಬಣ್ಣದ ಕಪ್ಪು ಕರಡಿಗೂ ಗ್ರಿಜ್ಲಿಗೂ ಬಣ್ಣದಿಂದ ವ್ಯತ್ಯಾಸ ತಿಳಿಯದು. ಭುಜದ ಮೇಲಿನ ಗೂನು, ಕಣ್ಣಿನಿಂದ ಮೂಗಿನವರೆಗೆ ತಗ್ಗಾದ ಮುಖ, ನೆಲದ ಮೇಲೆ ಬೆರಳಿನ ಗುರುತಿನಿಂದ ಬಹಳ ಮುಂದೆ ಬೀಳುವ ಉಗುರಿನ ಗುರುತು ಇದ್ದರೆ ಗ್ರಿಜ್ಲಿ. ಕಪ್ಪು ಕರಡಿಗೆ ನಿಂತಾಗ ಸೊಂಟವೇ ಎತ್ತರ, ಮುಖ ನೇರ, ಉಗುರು ಗಿಡ್ಡ ಮತ್ತು ಬಾಗಿದ್ದು. ವ್ಯಾಂಕೂವರ್ ದ್ವೀಪದಲ್ಲಿ ಈ ತಲೆನೋವು ಕಡಿಮೆ. ಅಲ್ಲಿನ ಕರಡಿಗಳು ಬಹುಪಾಲು ಅಚ್ಚ ಕಪ್ಪು, ತಲೆಬುರುಡೆ ದೊಡ್ಡದು. ಮುಖ್ಯಭೂಮಿಯಿಂದ ಈಜಿ ಬಂದ ಗ್ರಿಜ್ಲಿಗಳು ಉತ್ತರದ ತುದಿಯಲ್ಲಿ ಆಗೊಮ್ಮೆ ಈಗೊಮ್ಮೆ ಕಾಣಿಸಿಕೊಂಡಿವೆ, ಹಾಗಾಗಿ ಅಲ್ಲಿಯೂ ಕಣ್ಣು ಮುಚ್ಚಿ ನಂಬುವಂತಿಲ್ಲ.

ದಿನಾಂಕ ಆರಿಸುವಾಗ ಮಾರಾಟಗಾರನ ಮಾತು ಕೇಳಬೇಡಿ, ಅವನಿಗೆ ಖಾಲಿ ವಾರ ತುಂಬಬೇಕು. ವಸಂತದ ಋತು ಹಲವು ಭಾಗಗಳಲ್ಲಿ ಏಪ್ರಿಲ್ 1ಕ್ಕೆ ತೆರೆದು ಜೂನ್‌ವರೆಗೂ ಇರುತ್ತದೆ, ಮುಗಿಯುವ ದಿನ ಪ್ರದೇಶದಿಂದ ಪ್ರದೇಶಕ್ಕೆ ಬೇರೆ. ಗವಿಯಿಂದ ಮೊದಲು ಹೊರಬರುವುದು ಗಂಡು, ಕೊನೆಗೆ ಆ ವರ್ಷದ ಮರಿಗಳಿರುವ ತಾಯಿ. ಏಪ್ರಿಲ್‌ನಲ್ಲಿ ತುಪ್ಪಳ ದಟ್ಟವಾಗಿರುತ್ತದೆ, ಆದರೆ ಕರಡಿಗಳು ಸೋಮಾರಿಗಳು. ದಿನಕ್ಕೆ ಒಂದೆರಡು ಗಂಟೆ ಹುಲ್ಲು ಮೇಯ್ದು ಮತ್ತೆ ಮಲಗುತ್ತವೆ. ಮೇ ಕೊನೆಯಿಂದ ಗಂಡುಗಳು ಬೆದೆಗೆ ಬಂದ ಹೆಣ್ಣು ಹುಡುಕಿಕೊಂಡು ಹಗಲಲ್ಲೇ ಅಲೆಯುತ್ತವೆ. ದೊಡ್ಡ ಗಂಡು ಕಾಣುವ ಕಾಲ ಅದು. ಆದರೆ ಅಷ್ಟರಲ್ಲಿ ಮರಕ್ಕೆ, ಕಲ್ಲಿಗೆ ಮೈ ತಿಕ್ಕಿ ತಿಕ್ಕಿ ಸೊಂಟ, ಪಕ್ಕೆಗಳ ತುಪ್ಪಳ ಸವೆದು ತೇಪೆ ತೇಪೆಯಾಗಿರುತ್ತದೆ. ಚರ್ಮ ಮುಖ್ಯವಾದರೆ ಮೇ ಎರಡನೇ, ಮೂರನೇ ವಾರ. ಗಾತ್ರ ಮುಖ್ಯವಾದರೆ ಮೇ ಕೊನೆಯಿಂದ ಜೂನ್ ಮೊದಲ ವಾರ. ಎರಡೂ ಬೇಕೆಂದರೆ ಅದೃಷ್ಟ ಬೇಕು.

ಬ್ರಿಟಿಷ್ ಕೊಲಂಬಿಯಾದಲ್ಲಿ ಕರಡಿಗೆ ಮೇವು ಹಾಕಿ ಕಾಯುವುದು ಕಾನೂನುಬಾಹಿರ. ಆಲ್ಬರ್ಟಾದ ಕೆಲವು ಭಾಗಗಳಲ್ಲಿ, ಒಂಟಾರಿಯೊದಲ್ಲಿ ಅದಕ್ಕೆ ಅವಕಾಶವಿದೆ, ಅದು ಬೇರೆಯೇ ಬಗೆಯ ಶಿಕಾರಿ. ಇಲ್ಲಿ ಮಾಡುವುದು ಹುಡುಕಿ, ಹತ್ತಿರ ಹೋಗಿ ಹೊಡೆಯುವ ಶಿಕಾರಿ. ಹಾಗಾಗಿ ಕರಡಿ ಏನು ತಿನ್ನುತ್ತದೆ ಎಂಬುದೇ ಇಡೀ ಆಟ. ನಿದ್ದೆಯಿಂದೆದ್ದ ಹೊಟ್ಟೆಗೆ ಎಳೇ ಹುಲ್ಲು, ಕ್ಲೋವರ್, ದಂಡೇಲಿಯನ್, ಕಡಲಂಚಿನ ಜೊಂಡು ಬೇಕು. ಮಣ್ಣು ಕೊಚ್ಚಿಹೋಗದಿರಲಿ ಎಂದು ಹಳೇ ರಸ್ತೆಗಳ ಮೇಲೆ ಹುಲ್ಲು ಮತ್ತು ಕ್ಲೋವರ್ ಬೀಜ ಚೆಲ್ಲಿರುತ್ತಾರೆ. ದಕ್ಷಿಣಕ್ಕೆ ಮುಖ ಮಾಡಿದ ಇಳಿಜಾರಿನಲ್ಲಿ ಹಿಮ ಮೊದಲು ಕರಗಿ ಹಸಿರು ಚಿಗುರುತ್ತದೆ. ಒಳ್ಳೆಯ ಗೈಡ್ ಮುಂಜಾನೆ ನಾಲ್ಕಕ್ಕೆ ಎಬ್ಬಿಸುವುದಿಲ್ಲ. ವಸಂತದಲ್ಲಿ ಮಧ್ಯಾಹ್ನ ಮೂರರಿಂದ ಕತ್ತಲಾಗುವವರೆಗಿನ ಹೊತ್ತೇ ಲಾಭದ್ದು. ಸೂರ್ಯಾಸ್ತದ ನಂತರ ಒಂದು ಗಂಟೆಯವರೆಗೆ ಮಾತ್ರ ಕಾನೂನಿನ ಸಮಯ. ದೋಣಿಯ ಪ್ಯಾಕೇಜ್ ಆದರೆ ಗಡಿಯಾರದ ಜೊತೆ ಉಬ್ಬರವಿಳಿತದ ಪಟ್ಟಿಯೂ ಇರಬೇಕು, ನೀರು ಇಳಿದಾಗ ಕರಡಿ ಕಡಲಂಚಿಗೆ ಇಳಿಯುತ್ತದೆ. ಇಡೀ ದಿನ ಗಾಡಿಯಲ್ಲೇ ಸುತ್ತಿಸಿ ಕಿಟಕಿಯಿಂದ ನೋಡುವ ಗೈಡ್ ಸಿಕ್ಕಿದರೆ ಅರ್ಧ ದುಡ್ಡು ಪೆಟ್ರೋಲಿಗೆ ಹೋಯಿತು ಎಂದುಕೊಳ್ಳಿ. ಗಾಡಿ ನಿಲ್ಲಿಸಿ, ದಿಬ್ಬದ ಮೇಲೆ ಕೂತು, ಟ್ರೈಪಾಡ್ ಮೇಲೆ ಬೈನಾಕ್ಯುಲರ್ ಇಟ್ಟು ಎದುರಿನ ಇಳಿಜಾರನ್ನು ಒಂದು ಗಂಟೆ ಜಾಲಾಡುವವನು ಬೇಕು. ಸುಟ್ಟ ಮರದ ಬುಡಗಳು ಕರಡಿಯಂತೆಯೇ ಕಾಣುವ ಬಯಲಿನಲ್ಲಿ ಹತ್ತು ಪಟ್ಟು ಹಿಗ್ಗಿಸಿ ತೋರಿಸುವ 10x42 ಬೈನಾಕ್ಯುಲರ್ ಸಾಕಾಗುತ್ತದೆ, ಕೈ ಅಲ್ಲಾಡದಿದ್ದರೆ ಮಾತ್ರ.

ಈಗ ಮುಖ್ಯ ವಿಷಯ. ಗಂಡೋ ಹೆಣ್ಣೋ, ದೊಡ್ಡದೋ ಚಿಕ್ಕದೋ ಎಂದು ದೂರದಿಂದ ಹೇಳುವುದು ಕರಡಿಯಲ್ಲಿರುವಷ್ಟು ಕಷ್ಟ ಬೇರೆ ಯಾವ ಪ್ರಾಣಿಯಲ್ಲೂ ಇಲ್ಲ. ಕೋಡಿಲ್ಲ, ಅಳತೆಗೆ ಪಕ್ಕದಲ್ಲಿ ಏನೂ ಇರುವುದಿಲ್ಲ, ವಸಂತದ ತುಪ್ಪಳ ಎರಡು ವರ್ಷದ ಮರಿಯನ್ನೂ ದೈತ್ಯನಂತೆ ತೋರಿಸುತ್ತದೆ. ಕಿವಿ ನೋಡಬೇಕು: ಚಿಕ್ಕ ಕರಡಿಗೆ ಕಿವಿ ದೊಡ್ಡದಾಗಿ ತಲೆಯ ಮೇಲೆ ನೆಟ್ಟಗೆ ನಿಂತಿರುತ್ತದೆ, ದೊಡ್ಡ ಗಂಡಿಗೆ ಕಿವಿ ಪುಟ್ಟದಾಗಿ ಕಂಡು ತಲೆಯ ಎರಡು ಬದಿಗೆ ಸರಿದಿರುತ್ತದೆ. ಕಾಲು ನೋಡಬೇಕು: ಉದ್ದ ಕಾಲು, ಹೊಟ್ಟೆಯ ಕೆಳಗೆ ಬೆಳಕು ಕಂಡರೆ ಎಳೆಯದು, ಹೊಟ್ಟೆ ನೆಲಕ್ಕೆ ಹತ್ತಿರ ತೂಗುತ್ತಿದ್ದರೆ, ಮುಂಗಾಲಿನ ಮಣಿಕಟ್ಟು ಸಣ್ಣಗಾಗದೆ ಪಾದದವರೆಗೂ ದಪ್ಪವಿದ್ದರೆ ಹಳೇ ಗಂಡು. ನಡಿಗೆಯೂ ಹೇಳುತ್ತದೆ, ದೊಡ್ಡ ಗಂಡು ಭುಜ ತೂಗಿಕೊಂಡು ಯಾರ ಹಂಗೂ ಇಲ್ಲದಂತೆ ನಡೆಯುತ್ತದೆ, ಚಿಕ್ಕದು ನಿಂತು ನಿಂತು ಸುತ್ತ ನೋಡುತ್ತದೆ. ಹೆಜ್ಜೆ ಸಿಕ್ಕರೆ ಮುಂಗಾಲಿನ ಅಂಗಾಲು ಗುರುತಿನ ಅಗಲವನ್ನು ಇಂಚಿನಲ್ಲಿ ಅಳೆದು ಒಂದು ಕೂಡಿಸಿ, ಚರ್ಮದ ಅಳತೆ ಅಡಿಗಳಲ್ಲಿ ಸುಮಾರು ಅಷ್ಟು ಬರುತ್ತದೆ. ಐದು ಇಂಚಿನ ಅಂಗಾಲು ಆರು ಅಡಿಯ ಕರಡಿ. ಆರು ಅಡಿ ಎಂದರೆ ಹರಡಿದ ಚರ್ಮದ ಮೂಗಿನಿಂದ ಬಾಲದವರೆಗಿನ ಉದ್ದ, ಮುಂಗಾಲಿನ ಉಗುರಿನಿಂದ ಉಗುರಿಗೆ ಇರುವ ಅಗಲ, ಎರಡನ್ನೂ ಕೂಡಿಸಿ ಅರ್ಧ ಮಾಡಿದ್ದು. ಹಸಿ ಚರ್ಮವನ್ನು ನಾಲ್ವರು ಹಿಡಿದು ಎಳೆದು ಅಳೆದರೆ ಆರು ಅಡಿ ಏಳಾಗುತ್ತದೆ. ಜಾಹೀರಾತಿನ ಏಳಡಿಗಳಲ್ಲಿ ಇಂಥವು ಎಷ್ಟೋ.

ಹೊಡೆಯಬಾರದ ಕರಡಿಯ ವಿಷಯದಲ್ಲಿ ಕಾನೂನು ಸ್ಪಷ್ಟವಾಗಿದೆ. ಎರಡು ವರ್ಷದೊಳಗಿನ ಕರಡಿಯನ್ನಾಗಲಿ, ಅದರ ಜೊತೆಯಲ್ಲಿರುವ ಯಾವುದೇ ಕರಡಿಯನ್ನಾಗಲಿ ಮುಟ್ಟುವಂತಿಲ್ಲ. ಕರ್ಮೋಡ್ ಎಂದು ಕರೆಯುವ, ಬಿಳಿ ಬಣ್ಣದ ಕಪ್ಪು ಕರಡಿಗೂ ರಕ್ಷಣೆ ಇದೆ. ಓದಲು ಸುಲಭ, ಕಾಡಿನಲ್ಲಿ ಕಷ್ಟ. ತಾಯಿ ಮರಿಗಳನ್ನು ಮರ ಹತ್ತಿಸಿ ಒಂಟಿಯಾಗಿ ಮೇಯಲು ಬರುತ್ತದೆ, ಬಯಲಿನಲ್ಲಿ ಅದು ಒಂಟಿ ಕರಡಿಯಂತೆಯೇ ಕಾಣುತ್ತದೆ. ಕನಿಷ್ಠ ಇಪ್ಪತ್ತು ನಿಮಿಷ ನೋಡದೆ ರೈಫಲ್ ಎತ್ತಲು ಹೇಳುವ ಗೈಡ್ ಕೆಟ್ಟ ಗೈಡ್. ಆ ಕರಡಿ ಪದೇ ಪದೇ ಒಂದೇ ಮರದ ಕಡೆ ತಿರುಗಿ ನೋಡುತ್ತಿದೆಯೇ? ಬೆಳಕಿನಲ್ಲಿ ಕೆಚ್ಚಲಿನ ಬಳಿ ತುಪ್ಪಳ ಸವೆದಿದೆಯೇ? ಇನ್ನೊಂದು ಬಲೆ ಜೂನ್‌ನದು. ಕರಡಿಮರಿ ಹುಟ್ಟುವುದು ಜನವರಿ ಹೊತ್ತಿಗೆ. ಎರಡನೇ ಬೇಸಿಗೆ ಶುರುವಾಗುವಾಗ, ಬೆದೆಯ ಗಂಡು ಹತ್ತಿರ ಬಂದಂತೆ ತಾಯಿ ಅವನ್ನು ಓಡಿಸುತ್ತದೆ. ಆಗ ಅವಕ್ಕೆ ಹದಿನಾರು ಹದಿನೇಳು ತಿಂಗಳು ಮಾತ್ರ. ರಸ್ತೆಯಂಚಿನಲ್ಲಿ ಒಂಟಿಯಾಗಿ, ದಿಕ್ಕುಗೆಟ್ಟು, ಮನುಷ್ಯರಿಗೂ ಹೆದರದೆ ಮೇಯುವ ಜೂನ್‌ನ ಪುಟ್ಟ ಕರಡಿ ಹೆಚ್ಚಾಗಿ ಇದೇ. ಕೊನೆಯ ದಿನದ ಸಂಜೆ ಇಂಥದ್ದನ್ನು ತೋರಿಸಿ ಹೊಡೆಸುವ ಗೈಡ್ ಶೇಕಡಾ ನೂರರ ಲೆಕ್ಕ ಉಳಿಸಿಕೊಳ್ಳುತ್ತಾನೆ, ಕೇಸು ಬೀಳುವುದು ಹೊಡೆದವರ ಮೇಲೂ. ಹಳೇ ಗ್ರಾಹಕರಿಗೆ ಫೋನ್ ಮಾಡಿದಾಗ ಎಷ್ಟು ಕರಡಿಗಳನ್ನು ನೋಡಿ ಬಿಟ್ಟಿರಿ, ಯಾಕೆ ಬಿಟ್ಟಿರಿ ಎಂದು ಕೇಳಿ. ಖಾಲಿ ಕೈಯಲ್ಲಿ ಮರಳಿದವರ ಸಂಪರ್ಕವನ್ನೂ ಔಟ್‌ಫಿಟರ್‌ನಿಂದಲೇ ಕೇಳಿ ಪಡೆಯಿರಿ. ಕೊಡಲು ಹಿಂಜರಿದರೆ ಅಂಕ ಕಡಿತ.

ರೈಫಲ್ ಬಗ್ಗೆ ಹೆಚ್ಚು ಚರ್ಚೆ ಬೇಡ. .308 ಅಥವಾ .30-06, 165ರಿಂದ 180 ಗ್ರೇನ್ ತೂಕದ ಬಾಂಡೆಡ್ ಗುಂಡು (ಒಳಗಿನ ಸೀಸ ಹೊರಕವಚಕ್ಕೆ ಬೆಸೆದಿರುವಂಥದ್ದು), 100 ಮೀಟರ್‌ನಲ್ಲಿ ಸುಮಾರು 4 ಸೆಂ.ಮೀ. ಮೇಲಕ್ಕೆ ಬೀಳುವಂತೆ ಸ್ಕೋಪ್ ಹೊಂದಿಸಿದ್ದರೆ 200 ಮೀಟರ್‌ವರೆಗೆ ಗುರಿ ಏರಿಳಿಸಬೇಕಿಲ್ಲ. ಮೊದಲ ದಿನ ಲಾಡ್ಜ್‌ನಲ್ಲಿ ಗುರಿಹಲಗೆ ಇಟ್ಟು ಮೂರು ತೋಟಾ ಹೊಡೆಸದ ಸೇವೆ ಅರೆಬರೆ ಸೇವೆ, ವಿಮಾನದ ಸಾಮಾನು ಕೋಣೆಯಲ್ಲಿ ಬಂದ ಸ್ಕೋಪ್ ಸರಿಯಾಗಿದೆ ಎಂದು ನಂಬುವುದು ಹೇಗೆ? ಜಿಂಕೆ ಹೊಡೆದು ರೂಢಿಯಿರುವವರು ಕರಡಿಯಲ್ಲಿ ಎಡವುವುದು ಎತ್ತರದಲ್ಲಿ. ಹೊಟ್ಟೆಯ ಕೆಳಗೆ ಉದ್ದ ಕೂದಲು ಜೋತಾಡುವುದರಿಂದ ಮೈಯ ನಿಜವಾದ ಕೆಳಅಂಚು ಕಣ್ಣಿಗೆ ಕಾಣುವುದಕ್ಕಿಂತ ಮೇಲಿದೆ. ಅಡ್ಡ ನಿಂತ ಕರಡಿಯ ಹತ್ತಿರದ ಮುಂಗಾಲು ಮುಂದಕ್ಕೆ ಚಾಚಿದ ಕ್ಷಣದಲ್ಲಿ, ಭುಜದ ಹಿಂಬದಿಗೆ ಅಂಟಿಕೊಂಡಂತೆ, ಮೈಯ ಎತ್ತರದ ನಡುಮಧ್ಯಕ್ಕೆ ಗುರಿಯಿಡಬೇಕು. ಬಿದ್ದರೂ ಎರಡನೇ ಈಡಿಗೆ ತಯಾರಿರಬೇಕು. ಕೊಬ್ಬು ರಂಧ್ರವನ್ನು ಮುಚ್ಚುತ್ತದೆ, ತುಪ್ಪಳ ರಕ್ತವನ್ನು ಹೀರುತ್ತದೆ, ಹಾಗಾಗಿ ನೆಲದ ಮೇಲೆ ರಕ್ತದ ಜಾಡು ಐವತ್ತು ಮೀಟರ್‌ವರೆಗೂ ಸಿಗದೇ ಇರಬಹುದು. ಗುಂಡು ಎರಡೂ ಬದಿ ತೂರಿ ಹೋಗಲಿ ಎಂದು ಗಟ್ಟಿ ಗುಂಡು ಕೇಳುವುದು ಇದಕ್ಕೇ. ಹುಡುಕುವಾಗ ಗೈಡ್ ಮುಂದೆ, ನೀವು ಹಿಂದೆ, ಮಾತು ಬೇಡ.

ಚರ್ಮದ ಕೆಲಸದಲ್ಲಿ ಗೈಡ್‌ನ ನಿಜವಾದ ಅನುಭವ ಬಯಲಾಗುತ್ತದೆ. ಕರಡಿಯ ಮೈ ಕೊಬ್ಬಿನಿಂದ, ತುಪ್ಪಳದಿಂದ ಬಿಸಿ ಹಿಡಿದಿಡುತ್ತದೆ. ಮೇ ತಿಂಗಳ ಬೆಚ್ಚನೆಯ ಸಂಜೆ ರಾತ್ರಿಯಿಡೀ ಬಿಟ್ಟರೆ ಹೊಟ್ಟೆಯ ಬಳಿಯ ಚರ್ಮ ಹಸಿರು ತಿರುಗಿ ಕೂದಲು ಕಿತ್ತು ಬರಲು ಶುರು. ಒಮ್ಮೆ ಶುರುವಾದರೆ ಪ್ರಾಣಿಯ ಚರ್ಮ ತುಂಬಿ ನಿಲ್ಲಿಸುವ ಯಾವ ಟ್ಯಾಕ್ಸಿಡರ್ಮಿಸ್ಟನಿಗೂ ಸರಿಮಾಡಲು ಬಾರದು. ಆದ್ದರಿಂದ ಫೋಟೋ ಹತ್ತು ನಿಮಿಷ, ಆಮೇಲೆ ಚಾಕು. ಸುಲಿದ ಚರ್ಮವನ್ನು ಮಡಚಿ ಚೀಲಕ್ಕೆ ತುರುಕದೆ ನೆರಳಿನಲ್ಲಿ ಹರಡಿ ಬಿಸಿ ಆರಿಸಬೇಕು, ಪ್ಲಾಸ್ಟಿಕ್ ಚೀಲವಂತೂ ಬೇಡವೇ ಬೇಡ. ಪಾದಗಳನ್ನು ಬೆರಳಿನ ಕೊನೆಯ ಗಿಣ್ಣಿನವರೆಗೆ ಬಿಡಿಸಬೇಕು, ಕಿವಿಯನ್ನು ಕೈಗವಸಿನಂತೆ ಒಳಮೈ ಹೊರಗೆ ತಿರುಗಿಸಬೇಕು, ತುಟಿಯನ್ನು ಸೀಳಿ ತೆರೆಯಬೇಕು. ಈ ಮೂರು ಜಾಗದಲ್ಲಿ ಮಾಂಸ ಉಳಿದರೆ ಉಪ್ಪು ಒಳಗಿಳಿಯುವುದಿಲ್ಲ, ಕೂದಲು ಮೊದಲು ಉದುರುವುದೂ ಅಲ್ಲೇ. ಕೊಬ್ಬನ್ನು ಪೂರ್ತಿ ಕೆರೆದ ಮೇಲೆ ಅಯೋಡಿನ್ ಇಲ್ಲದ ಸಣ್ಣ ಉಪ್ಪು, ಚರ್ಮ ಎಷ್ಟು ತೂಕವೋ ಹೆಚ್ಚುಕಡಿಮೆ ಅಷ್ಟೇ ತೂಕ. ಫ್ರೀಜರ್ ಇದ್ದರೆ ಉಪ್ಪು ಹಾಕದೆ, ಒಳಮೈಗೆ ಒಳಮೈ ಸೇರಿಸಿ ಮಡಚಿ ಗಡ್ಡೆಗಟ್ಟಿಸುವುದು ಸುಲಭ. ಉಪ್ಪು ಹಾಕಿ ಆಮೇಲೆ ಫ್ರೀಜರಿಗೆ ಹಾಕುವುದು ತಪ್ಪು, ಉಪ್ಪಿನ ಚರ್ಮ ಸರಿಯಾಗಿ ಹೆಪ್ಪುಗಟ್ಟುವುದಿಲ್ಲ. ಲಾಡ್ಜ್‌ನಲ್ಲಿ ಪ್ರತ್ಯೇಕ ಫ್ರೀಜರ್ ಇದೆಯೇ, ಕರೆಂಟು ಹೋದರೆ ಜನರೇಟರ್ ಇದೆಯೇ ಎಂಬ ಪ್ರಶ್ನೆಗೆ ಊಟದ ಮೆನುಗಿಂತ ಹೆಚ್ಚು ಬೆಲೆ. ಗಂಡೋ ಹೆಣ್ಣೋ ಎಂಬ ಗುರುತನ್ನು ಚರ್ಮಕ್ಕೆ ಅಂಟಿಕೊಂಡಂತೆಯೇ ಬಿಡುವುದು ಕಾನೂನು, ಅವಸರದ ಚಾಕು ಅದನ್ನೂ ಕತ್ತರಿಸಿ ಬಿಸಾಡುತ್ತದೆ. ಪಿತ್ತಕೋಶವನ್ನು ಬೇರ್ಪಡಿಸಿ ಇಟ್ಟುಕೊಳ್ಳುವುದು ಅಪರಾಧ. ಅದಕ್ಕೆ ಗಿರಾಕಿ ಇದ್ದಾನೆ ಎಂದು ಪಿಸುಗುಟ್ಟುವವರಿಂದ ದೂರವಿರಿ.

ದಾಖಲೆಗಳಿಗೆ ಅಮೆರಿಕದಿಂದ ಬರುವವರನ್ನೇ ಉದಾಹರಣೆಯಾಗಿ ನೋಡಿ. ಗಡಿಯಲ್ಲಿ ಕೋವಿಯ ಘೋಷಣಾ ಪತ್ರವನ್ನು ತುಂಬಿಕೊಂಡು ಹೋಗಬೇಕು, ಆದರೆ ಸಹಿ ಕಸ್ಟಮ್ಸ್ ಅಧಿಕಾರಿಯ ಎದುರಿಗೇ ಹಾಕಬೇಕು. ಶುಲ್ಕ 25 ಕೆನಡಾ ಡಾಲರ್, ಅವಧಿ 60 ದಿನ. ಪಿಸ್ತೂಲು ಮನೆಯಲ್ಲೇ ಇರಲಿ. ಮರಳುವಾಗ ಕಪ್ಪು ಕರಡಿ, ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟ್ಸ್ ಒಪ್ಪಂದದ ಎರಡನೇ ಪಟ್ಟಿಯಲ್ಲಿರುವ ಪ್ರಾಣಿ ಎಂಬುದು ನೆನಪಿರಬೇಕು. ಹಸಿಯಾದ, ಹೆಪ್ಪುಗಟ್ಟಿದ ಅಥವಾ ಉಪ್ಪು ಹಾಕಿದ ಚರ್ಮವನ್ನು ಅಮೆರಿಕದ ನಿವಾಸಿ ತಾನೇ ಜೊತೆಗೊಯ್ದರೆ ಸೈಟ್ಸ್ ರಫ್ತು ಪರವಾನಗಿಗೆ ವಿನಾಯಿತಿ ಇದೆ. ಕೆನಡಾದಲ್ಲೇ ಹದ ಮಾಡಿಸಿ ಆಮೇಲೆ ಕೊರಿಯರ್‌ನಲ್ಲಿ ತರಿಸುವುದಾದರೆ ಆ ವಿನಾಯಿತಿ ಸಿಗುವುದಿಲ್ಲ. ಅಮೆರಿಕದ ಬದಿಯಲ್ಲಿ ವನ್ಯಜೀವಿ ಆಮದಿನ ಘೋಷಣೆಗೆ 3-177 ಸಂಖ್ಯೆಯ ಫಾರಂ ಬೇಕು. ಒಳ್ಳೆಯ ಔಟ್‌ಫಿಟರ್ ಇವನ್ನೆಲ್ಲ ಒಂದು ಕಡತದಲ್ಲಿ ಹಾಕಿ ಕೊನೆಯ ದಿನ ಕೈಗೆ ಕೊಡುತ್ತಾನೆ. ದೊಡ್ಡ ಶಿಕಾರಿಗಳ ದಾಖಲೆ ಇಡುವ ಅಮೆರಿಕದ ಬೂನ್ ಆಂಡ್ ಕ್ರಾಕೆಟ್ ಕ್ಲಬ್ಬಿನ ಪಟ್ಟಿ ಸೇರುವ ಆಸೆ ಇದ್ದವರಿಗೆ ಮಾತ್ರ ಒಂದು ಮಾತು: ತಲೆಬುರುಡೆಯನ್ನು ಶುಚಿಗೊಳಿಸಿ 60 ದಿನ ಒಣಗಿಸಿದ ಮೇಲಿನ ಅಳತೆಯೇ ಲೆಕ್ಕ. ಅವರ ಶಾಶ್ವತ ಪಟ್ಟಿಗೆ ಉದ್ದ ಮತ್ತು ಅಗಲ ಕೂಡಿ 21 ಇಂಚು ಬೇಕು.

ಮಾಂಸ. ನಾಲ್ಕೂ ತೊಡೆಭಾಗ ಮತ್ತು ಬೆನ್ನಿನ ಮಾಂಸವನ್ನು ಕಾಡಿನಿಂದ ತರಲೇಬೇಕೆಂದು ಕಾನೂನು ಹೇಳುತ್ತದೆ. ಹುಲ್ಲು ಮೇಯ್ದ ವಸಂತದ ಕರಡಿಯ ಮಾಂಸ ಚೆನ್ನಾಗಿಯೂ ಇರುತ್ತದೆ. ಹಾಗಾಗಿ ಹಲವು ಲಾಡ್ಜ್‌ಗಳು ಒಂದು ರಾತ್ರಿ ಕರಡಿಯ ಊಟ ಹಾಕುತ್ತವೆ. ಅಲ್ಲಿ ಅಡುಗೆಮನೆಯನ್ನೊಮ್ಮೆ ಇಣುಕಿ ನೋಡಿ. ಕರಡಿ ಮಾಂಸದಲ್ಲಿ ಟ್ರೈಕಿನೆಲ್ಲಾ ಎಂಬ ಹುಳುವಿನ ಮರಿಗಳಿರಬಹುದು, ಉತ್ತರದ ತಳಿ ಫ್ರೀಜರ್‌ನಲ್ಲೂ ಸಾಯುವುದಿಲ್ಲ. 2022ರಲ್ಲಿ ಉತ್ತರ ಸಸ್ಕಾಚೆವಾನ್‌ನಲ್ಲಿ ಹೊಡೆದ ಕರಡಿಯ ಮಾಂಸವನ್ನು 45 ದಿನ ಫ್ರೀಜರ್‌ನಲ್ಲಿಟ್ಟು ಅಮೆರಿಕದಲ್ಲಿ ಒಂದು ಕುಟುಂಬ ಕಬಾಬ್ ಮಾಡಿ ತಿಂದಾಗ ಆರು ಜನರಿಗೆ ರೋಗ ತಗುಲಿತು. ಅವರಲ್ಲಿ ಇಬ್ಬರು ಮಾಂಸ ಮುಟ್ಟಿರಲಿಲ್ಲ, ಅದರ ಜೊತೆ ಬೆಂದ ತರಕಾರಿ ಮಾತ್ರ ತಿಂದಿದ್ದರು. ಮಾಂಸದ ಬಣ್ಣ ಗಾಢವಾದ್ದರಿಂದ ಬೆಂದಿದೆಯೇ ಎಂದು ಕಣ್ಣಿನಿಂದ ಹೇಳಲಾಗದೆ ಮೊದಲು ಅರೆಬೆಂದದ್ದನ್ನೇ ಬಡಿಸಿದ್ದರು. ಒಳಗಿನ ಶಾಖ 74 ಡಿಗ್ರಿ ಸೆಲ್ಸಿಯಸ್ ಮುಟ್ಟಬೇಕು. ಅಡುಗೆಯವರ ಬಳಿ ಚುಚ್ಚುವ ಥರ್ಮಾಮೀಟರ್ ಇಲ್ಲದಿದ್ದರೆ, ಎಷ್ಟೇ ಹೆಸರುವಾಸಿ ಲಾಡ್ಜ್ ಆಗಿದ್ದರೂ, ಆ ರಾತ್ರಿ ಬ್ರೆಡ್ಡು ಮೊಟ್ಟೆ ಕೇಳಿ ತಿನ್ನಿ.